ಹಾಲಿನ ನಂಟು

ಶಹಾಬಾದ
೧೭ ಮೇ ೧೯೭೦

ಮಹಾದೇವಮ್ಮ ಅಕ್ಕನಿಗೆ ಹಮೀದಾಳ ಸಲಾಮು, ಭಾವನವರಿಗೆ ಶರಣು.

ನೀವು ಗಣಿಯ ಕೆಲಸ ಬಿಟ್ಟು ಸೇಡಂಗೆ ಹೋದಮೇಲೆ ನಾನು ಬರೆದ ಕಾಗದಗಳಲ್ಲೆಲ್ಲ ಬೇನೆ-ಬ್ಯಾಸರಿಕೆಯದೇ ಸುದ್ದಿ. ಈ ಸಲ ಹಾಗಲ್ಲ. ನಮ್ಮ ಬಿಬಿಜಾನ್‌ಗೆ ಗಂಡು ಗೊತ್ತಾಗಿದೆ.

ಹುಡುಗನ ಹೆಸರು ಶೌಕತ ಅಲಿ. ವಾಡಿಯ ಲೋಕೋ ಶೆಡ್ಡಿನಲ್ಲಿ ಖಲಾಸಿ. ನಮ್ಮ ಮನೆಯವರು ಫರ್ಸಿಕಲ್ಲು ವ್ಯಾಗನ್ನಿಗೆ ತುಂಬಿಸಲು ವಾಡಿಗೆ ಹೋಗಿ ಬಂದು ಮಾಡುತ್ತಾರಲ್ಲ, ಅಲ್ಲಿ ಪರಿಚಯ. ಒಂದು ದಿನ ಇವರು ಮರೆತು ಬಂದ ಕೊಡೆಯನ್ನು ಕೊಡಲು ಮನೆಗೆ ಬಂದ. ಬಾಗಿಲು ತೆಗೆದವಳು ಬಿಬಿ. ಮುಂದಿನ ವಾರ ಮತ್ತೆ ಬಂದ, ಆಗ ಕೈಯಲ್ಲಿ ಕೊಡೆಯೂ ಇರಲಿಲ್ಲ, ಕೆಲಸವೂ ಇರಲಿಲ್ಲ. ನಾನು ಒಳಗಿನಿಂದ ನೋಡಿ ನಕ್ಕೆ. ನಿನ್ನ ಮಗಳು ಈಗ ಹಿಟ್ಟು ನಾದುತ್ತಾ ತನ್ನಷ್ಟಕ್ಕೇ ಹಾಡು ಗುನುಗುತ್ತಾಳೆ. ಕೇಳಿದರೆ "ಏನಿಲ್ಲ ಅಮ್ಮಿ" ಅನ್ನುತ್ತಾಳೆ.

ನಿನ್ನ ಮಗಳು ಅಂತಲೇ ಬರೆದೆ. ಅವಳು ಹುಟ್ಟಿದ ಮೇಲೆ ನಾನು ವಿಷಮಜ್ವರದಲ್ಲಿ ಮೈಮೇಲೆ ಎಚ್ಚರವಿಲ್ಲದೆ ಬಿದ್ದಾಗ, ಗೋಡೆಯಾಚೆಯಿಂದ ನೀನು ಬಂದು ಎತ್ತಿಕೊಂಡು ಹೋದೆ. ಒಂದು ಮಗ್ಗುಲಲ್ಲಿ ನಿನ್ನ ಹಣಮಪ್ಪ, ಇನ್ನೊಂದು ಮಗ್ಗುಲಲ್ಲಿ ನನ್ನ ಬಿಬಿ. ನಮ್ಮಲ್ಲಿ ಹಾಲಿನ ನಂಟು ರಕ್ತದ ನಂಟಿನಷ್ಟೇ. ಅದಕ್ಕೇ ಇವತ್ತಿಗೂ ಬಿಬಿಗೆ ಹಣಮಪ್ಪನ ಮುಂದೆ ಪರದೆ ಇಲ್ಲ. ಅವನು ಅವಳ ದೂಧ್ ಭಾಯಿ. ಗುಲಬರ್ಗಾದ ಕಾಲೇಜಿಗೆ ರಜೆ ಹಾಕಿಸಿ ಅವನನ್ನು ಮೊದಲೇ ಕಳಿಸು. ನೀನು ಬಂದು ನನ್ನ ಪಕ್ಕದಲ್ಲಿ ತಾಯಿಯ ಜಾಗದಲ್ಲಿ ಕೂಡಬೇಕು. ನಿನ್ನ ಅಡಿಗೆಗೆ ಹೊಸ ಪಾತ್ರೆ ಬೇರೆ ಇಟ್ಟಿದ್ದೇನೆ, ನಮ್ಮ ಒಲೆಯ ಹತ್ತಿರ ತಂದಿಲ್ಲ.

ಹುಡುಗನಿಗೆ ತಾಯಿತಂದೆ ಇಲ್ಲ. ಸೋದರತ್ತೆ ಅಮೀರ್ಬೀ ಬಟ್ಟೆ ಹೊಲಿದು ಸಾಕಿದ್ದಾಳೆ, ಅವನು ಫುಫು ಅನ್ನುತ್ತಾನೆ. ಮೂಲ ಕಾಳಗಿಯವರಂತೆ. ನಿನ್ನ ತವರಿನವರೇ ಆದರಲ್ಲ.

ನಿನ್ನ ತಂಗಿ,
ಹಮೀದಾಬೇಗಂ

*

ಸೇಡಂ
೨ ಜೂನ್ ೧೯೭೦

ಹಮೀದಾಳಿಗೆ,

ಕಾಗದ ಮುಟ್ಟಿತು. ಬಿಬಿಗೆ ನನ್ನ ಆಶೀರ್ವಾದ.

ಈ ಅಮೀರ್ಬೀ ಯಾರು? ಕಾಳಗಿಯಲ್ಲಿ ತಾಮ್ರದ ಪಾತ್ರೆಗೆ ಕಲಾಯಿ ಹಾಕುತ್ತಿದ್ದ ಖಾಜಾಮಿಯಾನ ತಂಗಿಯೋ, ಬೇರೆಯವಳೋ? ಹುಡುಗನಿಗೆ ಈಗ ವಯಸ್ಸೆಷ್ಟು? ಅವನ ತಾಯಿ ತೀರಿದ್ದು ಯಾವಾಗ? ಅವನ ಬೆನ್ನಿಗೆ ಹುಟ್ಟಿದವರು, ಮುಂದೆ ಹುಟ್ಟಿದವರು ಯಾರಾದರೂ ಇದ್ದಾರೋ, ಅವನೊಬ್ಬನೆಯೋ?

ಇವನ್ನು ಸರಿಯಾಗಿ ಕೇಳಿ ಬರಿ. ಅಲ್ಲಿಯವರೆಗೆ ತಾರೀಖು ನಿಗದಿ ಮಾಡಬೇಡ.

ಮಹಾದೇವಮ್ಮ

*

ಶಹಾಬಾದ
೨೦ ಜೂನ್ ೧೯೭೦

ಅಕ್ಕಾ,

ನಿನ್ನ ಕಾಗದ ಓದಿ ಠಾಣೆಯಿಂದ ಬಂದ ನೋಟೀಸಿನ ಹಾಗೆ ಅನಿಸಿತು. ಬರೀ ಪ್ರಶ್ನೆ. ಸಂತೋಷವಾಯಿತು ಅನ್ನುವ ಒಂದು ಮಾತಿಲ್ಲ. ಹುಡುಗ ಖಲಾಸಿ ಅಂತ ನಿನಗೆ ಸಣ್ಣದೆನಿಸಿತೋ ಏನೋ. ನಾವೂ ಕಲ್ಲಿನ ಧೂಳು ತಿಂದು ಬದುಕಿದವರೇ.

ಕೇಳಿದೆಯೆಂದು ಬರೆಯುತ್ತೇನೆ. ಹೌದು, ಕಲಾಯಿಯ ಖಾಜಾಮಿಯಾನ ಮಗನೇ. ಒಬ್ಬನೇ ಮಗ, ಇಪ್ಪತ್ತೆರಡು ನಡೆಯುತ್ತಿದೆ. ಗದ್ದಲದ ವರ್ಷ ಅಪ್ಪನೂ ಹೋದ, ಅಮ್ಮನೂ ಹೋದಳು. ಅಮೀರ್ಬೀ ಅದನ್ನು ಹೆಚ್ಚು ಮಾತಾಡುವುದಿಲ್ಲ. ನಾನು ಕೇಳಿದಾಗ "ಒಂದು ಮನ್ಯಾಗ ಅಡಗಿದ್ವಿ, ಆಮ್ಯಾಲೆ ವಾಡಿಗೆ ಬಂದ್ವಿ" ಅಂದಳು, ಅಷ್ಟೇ. ಮತ್ತೆ ಕೆದಕಲು ನನಗೆ ಮನಸ್ಸಾಗಲಿಲ್ಲ.

ತಾರೀಖು ನಿಲ್ಲಿಸಲು ನನಗೆ ಕಾರಣ ತಿಳಿಯಲಿಲ್ಲ. ರಜಬ್ ತಿಂಗಳಲ್ಲಿ ನಿಕಾಹ್, ಅಂದರೆ ಸೆಪ್ಟೆಂಬರದಲ್ಲಿ. ಬಿಬಿ ದಿಂಬಿನ ಗವಸಿಗೆ ಕಸೂತಿ ಹಾಕುತ್ತಿದ್ದಾಳೆ. ನೀನು ಕಲಿಸಿದ ಗೋಪುರದ ಕಸೂತಿ. ಅವರ ಮಂದಿ ಗೋಪುರ ನೋಡಿ ಏನಂದಾರು ಎಂದು ನಾನು ಕೇಳಿದರೆ, "ಮೀನಾರ ಅಂತ ಹೇಳ್ತೀನಿ" ಅಂದಳು.

ಹಮೀದಾ

*

ಶಹಾಬಾದ
೨೫ ಜುಲೈ ೧೯೭೦

ಅಕ್ಕಾ,

ತಿಂಗಳ ಮೇಲಾಯಿತು. ಕಾಗದವಿಲ್ಲ. ಸೇಡಂನಿಂದ ಬಂದ ಲಾರಿಯವನನ್ನು ಕೇಳಿದೆ, ನೀವೆಲ್ಲ ಆರಾಮಿದ್ದೀರಿ ಅಂದ. ಆರಾಮಿದ್ದೂ ಬರೆಯದಿದ್ದರೆ ನಾನು ಏನೆಂದು ತಿಳಿಯಲಿ? ನನ್ನ ಹಿಂದಿನ ಕಾಗದದ ಮಾತು ಚುಚ್ಚಿದ್ದರೆ ಬಿಟ್ಟುಬಿಡು.

ಬಿಬಿ ದಿನಾ ಕೇಳುತ್ತಾಳೆ, "ಅವ್ವ ಯಾವಾಗ ಬರ್ತಾಳ?" ಎಂದು. ನನ್ನನ್ನು ಅಮ್ಮಿ, ನಿನ್ನನ್ನು ಅವ್ವ ಎಂದು ಕರೆದು ಬೆಳೆದ ಹುಡುಗಿಗೆ ನಾನು ಏನು ಹೇಳಲಿ?

ಹಮೀದಾ

*

ಸೇಡಂ
೮ ಆಗಸ್ಟ್ ೧೯೭೦

ಹಮೀದಾ,

ಇದನ್ನು ಒಬ್ಬಳೇ ಕೂತು ಓದು. ನಿಮ್ಮ ಮನೆಯವರಿಗೆ, ಚಾಂದ್ ಭಾಯಿಗೆ, ಆಮೇಲೆ ಹೇಳುವೆಯಂತೆ.

ಗದ್ದಲದ ವರ್ಷ ನಾನು ಚೊಚ್ಚಲ ಬಾಣಂತನಕ್ಕೆ ಹೋದವಳು ಕಾಳಗಿಯಲ್ಲೇ ಉಳಿದಿದ್ದೆ. ನನ್ನ ಶಿವಕಾಂತಿ ಆರು ತಿಂಗಳ ಕೂಸು. ಮೊದಲು ರಜಾಕಾರರ ಕಾಟಕ್ಕೆ ನಮ್ಮವರು ಹೊಲದಲ್ಲಿ ಮಲಗುತ್ತಿದ್ದರು. ನಿಜಾಮನ ರಾಜ್ಯ ಬಿದ್ದ ಮೇಲೆ ಅದು ತಿರುಗಿತು. ಹೊರಗಿನಿಂದ ಬಂದ ಮಂದಿ ಮುಸಲ್ಮಾನರ ಮನೆ ಹುಡುಕುತ್ತಾ ಬಂದರು. ಊರಿನವರೂ ಕೆಲವರು ಅವರ ಜೊತೆ ಕೂಡಿದರು, ಅದನ್ನು ಮುಚ್ಚಿಟ್ಟು ಏನು ಮಾಡಲಿ.

ಒಂದು ಮಧ್ಯಾಹ್ನ ಹಿತ್ತಲ ಬಾಗಿಲು ಯಾರೋ ಕೆರೆದಂತಾಯಿತು. ನಮ್ಮವ್ವ ಮಾಳಮ್ಮ ತೆಗೆದಳು. ಅಮೀರ್ಬೀ ನಿಂತಿದ್ದಳು. ಕಾಲಿಗೆ ಚಪ್ಪಲಿ ಇರಲಿಲ್ಲ. ಸೆರಗಿನಲ್ಲಿ ಒಂದು ಕೂಸು.

"ನಿಮ್ಮಣ್ಣ ಎಲ್ಲಿದಾನವ್ವ?" ಎಂದಳು ನಮ್ಮವ್ವ.

"ಇಲ್ರಿ."

"ಅತ್ತಿಗಿ?"

"ಅಕಿನೂ ಇಲ್ರಿ. ಇದೊಂದು ಉಳದದ."

ನಮ್ಮವ್ವ ಇನ್ನೇನೂ ಕೇಳಲಿಲ್ಲ. ತನ್ನ ಸೀರೆ ಉಡಿಸಿ, ಹಣೆಗೆ ಕುಂಕುಮ ಹಚ್ಚಿ, ಅವಳನ್ನು ಬೀಸುಕಲ್ಲಿನ ಮುಂದೆ ಕೂಡಿಸಿದಳು. ಹಿಟ್ಟು ಬೀಳುವುದಕ್ಕೂ ಮೊದಲೇ ಮಂದಿ ಅಂಗಳಕ್ಕೆ ಬಂದರು. ನಮ್ಮಪ್ಪ ಸಾಯಬಣ್ಣ ಬಾಗಿಲಲ್ಲಿ ನಿಂತ.

"ಆ ಬೀಸಾಕತ್ತಾಕಿ ಯಾರ್ರೀ ಗೌಡ್ರ?"

"ನನ್ನ ನಾದಿನಿ ಮಗಳು, ಚಿಂಚೋಳಿಯಾಕಿ. ಮೂಕಿ ಅದಾಳ."

ಆಗ ಕೂಸು ಅಳತೊಡಗಿತು. ಹಸಿದ ಕೂಸಿನ ಅಳು ನಿನಗೆ ಗೊತ್ತು. ಒಬ್ಬ ಒಳಗೇ ಬಂದು ಬಗ್ಗಿ ನೋಡಿದ. ನಾನು ಎದ್ದು ಹೋಗಿ ಅಮೀರ್ಬೀಯ ಕೈಯಿಂದ ಅದನ್ನು ತೆಗೆದುಕೊಂಡು ಅವನ ಮುಂದೆಯೇ ಎದೆಗೆ ಹಚ್ಚಿದೆ. ಇನ್ನೊಂದು ತೊಡೆಯ ಮೇಲೆ ಶಿವಕಾಂತಿ.

"ಎರಡೂ ನಿನ್ನವೇನು?" ಎಂದ.

"ಹೌದ್ರಿ. ಅವಳಿ-ಜವಳಿ ಅದಾವ," ಎಂದೆ.

ಅವನು ಮುಖ ತಿರುಗಿಸಿ ಹೊರಗೆ ಹೋದ.

ರಸ್ತೆ ತಣ್ಣಗಾಗುವವರೆಗೆ ಅವರು ನಮ್ಮ ಜೋಳದ ಕೋಣೆಯಲ್ಲಿದ್ದರು. ಅಷ್ಟು ದಿನವೂ ಅವನು ನನ್ನ ಹಾಲು ಕುಡಿದ. ಹೆಸರೇನೆಂದು ಕೇಳಿದರೆ ಅಮೀರ್ಬೀ ಹೇಳುತ್ತಿರಲಿಲ್ಲ. ಯಾರಾದರೂ ಬಾಯಿ ತಪ್ಪಿ ಕರೆದಾರು ಎಂಬ ಹೆದರಿಕೆ. ಕೊನೆಗೆ ನಮ್ಮಪ್ಪ ಕಣಿಕಿ ಮೇವಿನ ಬಂಡಿಯಲ್ಲಿ ಅವರನ್ನು ವಾಡಿ ಮುಟ್ಟಿಸಿ ಬಂದ. ಆಮೇಲೆ ನಾನು ಅವರನ್ನು ಕಂಡಿಲ್ಲ. ನಾನು ಮುಂದೆ ಶಹಾಬಾದಿಗೆ ಬಂದದ್ದು, ನಿನ್ನ ಗೋಡೆಯಾಚೆ ಮನೆ ಮಾಡಿದ್ದು, ಅಮೀರ್ಬೀಗೆ ಗೊತ್ತಿಲ್ಲ. ಆ ಕೂಸು ಶೌಕತ ಅಲಿಯೆಂದು ನನಗೆ ಗೊತ್ತಿರಲಿಲ್ಲ.

ಈಗ ನಿನಗೆ ತಿಳಿಯಿತು. ಅವನೂ ನನ್ನ ಹಾಲು ಕುಡಿದವನು, ಬಿಬಿಯೂ ನನ್ನ ಹಾಲು ಕುಡಿದವಳು.

ನಾನು ಇಷ್ಟು ದಿನ ಸುಮ್ಮನೆ ಕೂತಿರಲಿಲ್ಲ. ನಿಮ್ಮ ಭಾವನಿಗೆ ಹೇಳಿದೆ. "ನಮ್ಮ ಮಂದ್ಯಾಗ ಇದು ಲೆಕ್ಕಕ್ಕಿಲ್ಲ. ಹುಡುಗೂರು ಒಪ್ಯಾವ. ನೀ ಬಾಯಿ ಮುಚ್ಚಿಕೊಂಡಿರು, ಮದುವಿ ಮುರದ್ರ ಎರಡೂ ಮಂದಿ ನಮ್ಮನ್ನ ಉಗುಳ್ತಾರ," ಎಂದರು. ಹಾಗೇ ಇದ್ದುಬಿಡೋಣ ಅನಿಸಿತು. ಕಾಯಿಲೆ ಅಂತ ಹೇಳಿ ಮದುವೆಗೆ ಬರದೆ ಇದ್ದರೆ ಅಮೀರ್ಬೀ ನನ್ನನ್ನು ನೋಡುವುದೂ ತಪ್ಪುತ್ತಿತ್ತು.

ಆದರೆ ನಿದ್ದೆ ಬರಲಿಲ್ಲ. ಇಲ್ಲಿಯ ಮಸೀದಿಯ ಮೌಲ್ವಿ ಸಾಹೇಬರು ವಯಸ್ಸಾದವರು, ಮಕ್ಕಳಿಗೆ ಬೆದರಿಕೆಯಾದರೆ ನಾವೂ ಅವರ ಹತ್ತಿರ ತಾಯತಕ್ಕೆ ಹೋಗುತ್ತೇವೆ. ಯಾರದೋ ಕಥೆಯೆಂಬಂತೆ ಕೇಳಿದೆ.

"ಹಾಲು ಕುಡಿಸಿದಾಕಿ ತಾಯಿನೇ, ಬೇಟಿ. ಅಕಿ ಯಾವ ಜಾತಿಯಾಕಿ ಅಂತ ಶರೀಯತ್ ಕೇಳಂಗಿಲ್ಲ," ಎಂದರು.

"ಯಾರಿಗೂ ತಿಳೀದೆ ನಿಕಾ ಆಗಿಬಿಟ್ರ?"

"ತಿಳೀದೆ ಮಾಡಿದವರಿಗೆ ಅಲ್ಲಾಹ್ ಮಾಫ್ ಮಾಡ್ತಾನ." ಜಪಮಣಿ ಕೆಳಗಿಟ್ಟು ಕೇಳಿದರು, "ತಿಳದಾಕಿ ನೀನೇನವ್ವ?"

ನಾನು ಎದ್ದು ಬಂದೆ.

ನಿಮ್ಮ ಧರ್ಮದ ಮಾತನ್ನು ಇವಳು ನಮಗಿಂತ ಗಟ್ಟಿಯಾಗಿ ಹಿಡಿದಳು ಎಂದು ಅನ್ನಬೇಡ. ಹಣಮಪ್ಪನ ಮುಂದೆ ಬಿಬಿಗೆ ಪರದೆ ಬೇಡ ಎಂದು ಚಾಂದ್ ಭಾಯಿ ಹೇಳಿದ ದಿನ ನಾನು ಮನೆಗೆ ಬಂದು ಸಂತೋಷಕ್ಕೆ ಅತ್ತಿದ್ದೆ. ನೀವು ನನ್ನನ್ನು ನಿಜವಾಗಿ ತಾಯಿ ಎಂದು ಎಣಿಸಿದ್ದಿರಿ. ಆ ದಿನ ಅದನ್ನು ನಂಬಿ, ಇವತ್ತು ಅದು ನಮ್ಮದಲ್ಲ ಎಂದು ಹೇಗೆ ಹೇಳಲಿ? ನಾನು ಸುಮ್ಮನಿದ್ದರೆ ಮದುವೆಯಾಗುತ್ತದೆ. ಆಮೇಲೆ ಯಾವತ್ತೋ ಅಮೀರ್ಬೀ ನನ್ನನ್ನು ನಿನ್ನ ಮನೆಯಲ್ಲಿ ನೋಡುತ್ತಾಳೆ. ಆಗ ಅವರಿಗೆ ಮಕ್ಕಳಿರುತ್ತಾರೆ.

ನಿನಗೆ ಸರಿ ಕಂಡದ್ದು ಮಾಡು. ಅಮೀರ್ಬೀಯನ್ನು ಕೇಳು. ಬಿಬಿಗೆ ನನ್ನ ಹೆಸರು ಹೇಳಿಯೇ ಹೇಳು, ಬೇರೆ ಯಾರದೋ ಮಾತು ಅನ್ನಬೇಡ.

ನಿನ್ನ ಅಕ್ಕ,
ಮಹಾದೇವಮ್ಮ

*

ಶಹಾಬಾದ
೧೨ ಸೆಪ್ಟೆಂಬರ್ ೧೯೭೦

ಮಹಾದೇವಮ್ಮನವರಿಗೆ,

ಇವರಿಗೆ ಹೇಳದೆ ನಾನೊಬ್ಬಳೇ ರೈಲು ಹತ್ತಿ ವಾಡಿಗೆ ಹೋದೆ. ಅಮೀರ್ಬೀ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು, ಮದುಮಗನ ಶೇರವಾನಿ ಹೊಲಿಯುತ್ತಿದ್ದಳು. ಕಾಳಗಿಯಲ್ಲಿ ಕೂಸಿಗೆ ಹಾಲು ಯಾರು ಕೊಟ್ಟರು ಎಂದು ಕೇಳಿದೆ.

"ಸಾಯಬಣ್ಣ ಗೌಡ್ರ ಮಗಳು ಕುಡಿಸ್ಯಾಳ. ಅಕಿ ಕುಡಿಸಲಿಲ್ಲಂದ್ರ ಇವ ಉಳೀತಿದ್ದಿಲ್ಲ. ನಮಾಜಿನ್ಯಾಗ ದಿನಾ ಅಕಿಗೆ ದುವಾ ಮಾಡ್ತೀನಿ. ಯಾಕ ಕೇಳಿದ್ರಿ?"

ಯಾಕೆ ಎಂದು ಹೇಳಿದೆ. ಅವಳ ಕೈ ಯಂತ್ರದ ಚಕ್ರದ ಮೇಲೆಯೇ ನಿಂತುಬಿಟ್ಟಿತು.

ಆಮೇಲೆ ಹಿರಿಯರು ಕೂತರು. ಗುಲಬರ್ಗಾದಿಂದ ಮುಫ್ತಿ ಸಾಹೇಬರನ್ನು ಕೇಳಿಸಿದರು. ಹರಾಮ್ ಎಂದು ಹೇಳಿ ಬಂತು. ಓಣಿಯಲ್ಲಿ ಕೆಲವರು, "ಹಿಂದೂ ಹೆಂಗಸಿನ ಮಾತು ಕೇಳಿ ಹುಡುಗಿ ಬಾಳು ಹಾಳು ಮಾಡಿದ್ರು, ಅಕಿಗೇನು ಹೊಟ್ಟಿಕಿಚ್ಚೋ" ಎಂದರು. ನಮ್ಮ ಮನೆಯವರು ಎದ್ದು ನಿಂತು, "ಅಕಿ ಸುಳ್ಳು ಹೇಳಾಕಿ ಅಲ್ಲ" ಎಂದರು. ಅಷ್ಟು ಹೇಳಿ ಮನೆಗೆ ಬಂದವರು ಮೂಲೆ ಹಿಡಿದಿದ್ದಾರೆ.

ಬಿಬಿ ಅಳಲಿಲ್ಲ. ದಿಂಬಿನ ಗವಸಿನ ಕಸೂತಿಯನ್ನು ಕೂತು ಎಳೆ ಎಳೆಯಾಗಿ ಬಿಚ್ಚಿದಳು. ಆಮೇಲೆ ನನ್ನನ್ನು ಕೇಳಿದಳು, "ಅಮ್ಮಿ, ನಿನಗ ಜರ ಬಂದಾಗ ನನ್ನ ಹಂಗೇ ಬಿಟ್ಟಿದ್ರ ಆಗ್ತಿದ್ದಿಲ್ಲೇನು?"

ನೀನು ಹೇಳಿದ್ದು ಸರಿ. ಸುಮ್ಮನಿದ್ದಿದ್ದರೂ ನಾನು ನಿನ್ನನ್ನು ಕ್ಷಮಿಸುತ್ತಿರಲಿಲ್ಲ. ಆದರೂ ಈಗ ನಿನ್ನ ಅಕ್ಷರ ನೋಡಲು ನನ್ನಿಂದಾಗದು. ಕಾಗದ ಬರೆಯಬೇಡ.

ಹಮೀದಾಬೇಗಂ

*

ಸೇಡಂ
೨೧ ಫೆಬ್ರುವರಿ ೧೯೭೧

ಹಮೀದಾ,

ಬರೆಯಬೇಡ ಎಂದಿದ್ದೆ, ಇಷ್ಟು ತಿಂಗಳು ಬರೆಯಲಿಲ್ಲ. ಇದೊಂದನ್ನು ನಿನಗೆ ತಿಳಿಸದೆ ಇರಲಾರೆ. ಉತ್ತರ ಬೇಡ.

ಮೊನ್ನೆ ಶೌಕತ ಬಂದಿದ್ದ. ಕಟ್ಟೆಯ ಕೆಳಗೆ ನಿಂತು, "ಕಾಳಗಿ ಮಹಾದೇವಮ್ಮನವರು ನೀವೇನ್ರಿ?" ಎಂದ. ಎತ್ತರದ ಹುಡುಗ, ಉಗುರಿನ ಸಂದಿಯಲ್ಲಿ ಇಂಜಿನ್ನಿನ ಮಸಿ. ಹೌದಪ್ಪ ಕುಂದ್ರು ಎಂದೆ. ಕಟ್ಟೆಯ ತುದಿಯಲ್ಲಿ ಕೂತ. ಬೈಯಲು ಬಂದಿದ್ದಾನೆಂದು ತಿಳಿದಿದ್ದೆ. ಬೈದರೆ ಕೇಳಿಸಿಕೊಳ್ಳಬೇಕೆಂದು ನಾನೂ ಕೂತೆ. ರೊಟ್ಟಿ, ಪುಂಡಿಪಲ್ಯ ಹಾಕಿಕೊಟ್ಟೆ. ತಲೆ ಬಗ್ಗಿಸಿ ಉಂಡ. ಕೈ ತೊಳೆದು ಬಂದು ಕೇಳಿದ:

"ನಮ್ಮವ್ವನ ಮಾರಿ ನೀವು ನೋಡೀರೇನ್ರಿ? ಫುಫು ಏನೂ ಹೇಳಂಗಿಲ್ಲ. ಕೇಳಿದ್ರ ಅಳ್ತಾಳ."

ನೋಡಿದ್ದೆ. ಕಲಾಯಿ ಹಾಕಿದ ಪಾತ್ರೆಗಳನ್ನು ಮನೆಮನೆಗೆ ಮುಟ್ಟಿಸಲು ಅವಳೇ ಬರುತ್ತಿದ್ದಳು. ಉದ್ದ ಮುಖ, ಹಲ್ಲಿಗೆ ಹಚ್ಚಿದ ಕರಿ ಮಿಸ್ಸಿ, ನಕ್ಕರೆ ಬಾಯಿಗೆ ಕೈ ಅಡ್ಡ. ನಮ್ಮವ್ವನ ಕೈಯ ಹುಣಸೆ ಚಿಗಳಿ ಅವಳಿಗೆ ಇಷ್ಟ. ಬಸುರಿಯಿದ್ದಾಗ ಒಂದು ಡಬ್ಬಿ ಕಟ್ಟಿಸಿಕೊಂಡು ಹೋಗಿದ್ದಳು. ನೆನಪಿದ್ದುದನ್ನೆಲ್ಲ ಹೇಳಿದೆ. ಅವನು ಒಂದೊಂದನ್ನೂ ಮತ್ತೊಮ್ಮೆ ಕೇಳಿ ಹೇಳಿಸಿಕೊಂಡ.

ಹೋಗುವಾಗ ಚಪ್ಪಲಿ ಮೆಟ್ಟಿಕೊಂಡು ಕೆಳಗೆ ನೋಡುತ್ತಾ, "ಈಗ ನಾ ಅಕಿಗೆ ಏನಾಗಬೇಕ್ರಿ?" ಎಂದ.

"ಅಣ್ಣ ಆಗಬೇಕಪ್ಪ," ಎಂದೆ.

ತಲೆ ಆಡಿಸಿದ. ಶೆಡ್ಡಿನಲ್ಲಿ ಸಾಹೇಬರು ಹೇಳಿದ ಕೆಲಸಕ್ಕೆ ತಲೆ ಆಡಿಸುವ ಹಾಗೆ.

ಮಹಾದೇವಮ್ಮ

*

ಶಹಾಬಾದ
೯ ಮೇ ೧೯೭೨

ಅಕ್ಕಾ,

ಬಿಬಿಯ ಮದುವೆ ಮುಗಿಯಿತು. ನಿನ್ನನ್ನು ಕರೆಯಲಿಲ್ಲ. ಕರೆದರೆ ನೀನು ಬರುತ್ತಿದ್ದೆ, ಅದಕ್ಕೇ ಕರೆಯಲಿಲ್ಲ.

ಮುರಿದ ಮದುವೆಯ ಹುಡುಗಿಯನ್ನು ಹತ್ತಿರದ ಊರಿನವರು ಯಾರೂ ಕೇಳಲಿಲ್ಲ. ಚಿಂಚೋಳಿ ದಾಟಿ ಕುಂಚಾವರಂ ಕಡೆಯವರು, ಹೆಸರು ಬಂದೇಅಲಿ, ಬೀಡಿ ಎಲೆಯ ಗುತ್ತಿಗೆ. ಹೆಂಡತಿ ತೀರಿಕೊಂಡು ಎರಡು ಮಕ್ಕಳಿವೆ. ವಯಸ್ಸು ಹೆಚ್ಚು, ಮನುಷ್ಯ ಒಳ್ಳೆಯವನು. ಮನೆಯಲ್ಲಿ ತೆಲುಗು ಮಾತು. ಬಿಬಿ ಬೇಡ ಅನ್ನಲಿಲ್ಲ. ಹೂಂ ಅಂತಲೂ ಅನ್ನಲಿಲ್ಲ.

ನಿಕಾಹ್ ದಿನ ನಡೆದದ್ದನ್ನು ನಾನು ಯಾರಿಗೂ ಹೇಳಿಕೊಳ್ಳಲಾರೆ. ನಿನಗೆ ಬರೆಯುತ್ತೇನೆ.

ಶೌಕತ ಬೆಳಿಗ್ಗೆಯೇ ಬಂದ. ಅಣ್ಣ ತರುವ ಹಾಗೆ ಸೀರೆ, ಬಳೆ, ಮೆಹಂದಿ ಎಲ್ಲ ತಂದ. ಚಪ್ಪರದ ಕೆಳಗೆ ನೀರು ಕೊಟ್ಟ, ಜಮಖಾನೆ ಹಾಸಿದ. ಓಣಿಯವರು ನೋಡುತ್ತಿದ್ದರು. ಇವರಿಗೆ ಕಲ್ಲಿನ ಧೂಳಿನ ಕೆಮ್ಮು, ಆ ದಿನ ಉಸಿರೇ ಸಿಗದೆ ಮಲಗಿದ್ದರು. ಖಾಜಿ ಸಾಹೇಬರು ಬಂದು, "ಹುಡುಗಿ ಒಪ್ಪಿಗಿ ಕೇಳಾಕ ಅಕಿ ಕಡಿ ವಕೀಲ ಆಗಿ ಒಳಗ ಯಾರು ಹೋಗ್ತಾರ? ಪರದೆ ಇಲ್ಲದವರು ಬೇಕು," ಎಂದರು. ನಮ್ಮ ಕಡೆ ಗಂಡಸರು ಯಾರಿದ್ದಾರೆ? ನನಗೆ ಅಣ್ಣತಮ್ಮಂದಿರಿಲ್ಲ, ಅವಳಿಗೂ ಒಡಹುಟ್ಟಿದವರಿಲ್ಲ. ಶೌಕತ ಎದ್ದ. "ನಾ ಹೋಗ್ತೀನಿ. ನಾ ದೂಧ್ ಭಾಯಿ ಅದೀನಿ," ಎಂದ.

ನಾನು ಒಳಗೆ ಬಿಬಿಯ ಪಕ್ಕದಲ್ಲಿದ್ದೆ. ಇಬ್ಬರು ಸಾಕ್ಷಿಗಳ ಜೊತೆ ಬಂದು ಅವಳ ಮುಂದೆ ಮಂಡಿಯೂರಿ ಕೂತ. ವರನ ಹೆಸರು ಹೇಳಿ, ಅವನ ತಂದೆಯ ಹೆಸರು ಹೇಳಿ, ಕಬೂಲ್ ಅದ ಏನು ಎಂದು ಕೇಳಿದ. ಬಿಬಿ ಮುಸುಕಿನೊಳಗಿನಿಂದ "ಕಬೂಲ್" ಅಂದಳು. ಎರಡನೆಯ ಸಲ ಕೇಳಿದ. ಕಬೂಲ್ ಅಂದಳು. ಮೂರನೆಯ ಸಲಕ್ಕೆ ಅವನ ದನಿ ಏಳಲಿಲ್ಲ. ತುಟಿ ಮಾತ್ರ ಅಲ್ಲಾಡಿತು. ಸಾಕ್ಷಿಗಳು ಅವನ ಮುಖ ನೋಡಿದರು. ಬಿಬಿ ಕಾಯಲಿಲ್ಲ. ಅವನು ಕೇಳುವುದಕ್ಕೆ ಮೊದಲೇ, "ಕಬೂಲ್" ಎಂದು ಗಟ್ಟಿಯಾಗಿ ಹೇಳಿಬಿಟ್ಟಳು. ಅವನನ್ನು ಬಿಡಿಸಿದ ಹಾಗೆ.

ಅವನು ಎದ್ದು ಹೋಗಿ ಖಾಜಿಗೆ ಹೇಳಿದ. ಹೊರಗೆ ಉತ್ತತ್ತಿ ಖಾರೀಕು ಹಂಚಿದರು.

ನಿನ್ನ ಮೇಲಿನ ಸಿಟ್ಟು ನನ್ನಲ್ಲಿ ಈಗ ಇದೆಯೋ ಇಲ್ಲವೋ ತಿಳಿಯದು. ಹುಡುಕಿದರೆ ಸಿಗುವುದಿಲ್ಲ. ಹಳೆಯ ಅಕ್ಕರೆಯೂ ಸಿಗುವುದಿಲ್ಲ. ಹಣಮಪ್ಪನಿಗೆ ನೌಕರಿಯಾಯಿತೆಂದು ಕೇಳಿದೆ. ಸಂತೋಷ.

ಹಮೀದಾ

*

ಕುಂಚಾವರಂ
೧೦ ನವೆಂಬರ್ ೧೯೭೪

ಅವ್ವನಿಗೆ ಬಿಬಿಜಾನ್ ಮಾಡುವ ಸಲಾಮು.

ಇಷ್ಟು ವರ್ಷದ ಮೇಲೆ ನನ್ನ ಕಾಗದ ನೋಡಿ ಹೆದರಬೇಡಿ. ಎಲ್ಲರೂ ಚೆನ್ನಾಗಿದ್ದೇವೆ. ಕನ್ನಡ ಬರೆದು ಬಹಳ ದಿನವಾಯಿತು, ತಪ್ಪಿದ್ದರೆ ತಿದ್ದಿಕೊಂಡು ಓದಿರಿ. ಇಲ್ಲಿ ಎಲ್ಲ ತೆಲುಗು. ತಾಂಡಾದ ಹೆಂಗಸರು ಎಲೆ ಕಟ್ಟು ತಂದಾಗ ಅವರ ಮಾತೂ ಎರಡಕ್ಷರ ಆಡುತ್ತೇನೆ. ದೊಡ್ಡ ಮಕ್ಕಳಿಬ್ಬರೂ ನನಗೆ ಹೊಂದಿಕೊಂಡಿದ್ದಾರೆ. ನನಗೆ ಹೋದ ವರ್ಷ ಗಂಡುಮಗುವಾಯಿತು. ಅಮ್ಮಿ ಬಂದು ಬಾಣಂತನ ಮಾಡಿ ಹೋದಳು. ಅಬ್ಬಾ ತೀರಿಕೊಂಡ ಮೇಲೆ ಅಮ್ಮಿ ಮಾತು ಕಡಿಮೆ ಮಾಡಿದ್ದಾಳೆ. ನಿಮ್ಮ ಹೆಸರು ಬಂದರೆ ಎದ್ದು ಹೋಗುವುದಿಲ್ಲ, ಕೂತು ಕೇಳುತ್ತಾಳೆ.

ನಿಮ್ಮ ಮೇಲೆ ನನಗೆ ಸಿಟ್ಟಿತ್ತು. ನೀವು ಹೇಳಿದಿರೆಂದಲ್ಲ. ನೀವು ಹೇಳಿದ ಮೇಲೆ ಬೈಯಲು ನನಗೆ ಯಾರೂ ಉಳಿಯಲಿಲ್ಲವೆಂದು. ಅವರಿಗೂ ನೀವೇ ಜೀವ ಕೊಟ್ಟಿರಿ, ನನಗೂ ಕೊಟ್ಟಿರಿ. ಯಾರನ್ನು ಬೈಯಲಿ?

ಒಂದು ಕೆಲಸ ಕೇಳಲು ಬರೆಯುತ್ತಿದ್ದೇನೆ.

ಅವರು ಪ್ರತಿ ಹಬ್ಬಕ್ಕೂ ಬರುತ್ತಾರೆ. ವಾಡಿಯಿಂದ ರೈಲು, ಬಸ್ಸು, ಕೊನೆಗೆ ಕಾಡಿನಲ್ಲಿ ನಡಿಗೆ. ನನಗೆ ಸೀರೆ, ಮಕ್ಕಳಿಗೆ ಬಟ್ಟೆ ತರುತ್ತಾರೆ. ಅಂಗಳದಲ್ಲಿ ಕೂಡುತ್ತಾರೆ. ಮಕ್ಕಳು ಮಾಮೂ ಎಂದು ಹೆಗಲು ಹತ್ತುತ್ತವೆ. ನನ್ನ ಯಜಮಾನರಿಗೆ ಅವರೆಂ‍ದರೆ ಬಹಳ ಪ್ರೀತಿ. ಹಿಂದೆ ಗಂಡು ಗೊತ್ತಾಗಿ ಮುರಿದಿತ್ತೆಂದು ಇವರಿಗೆ ಗೊತ್ತು, ಆ ಗಂಡು ಯಾರೆಂದು ಗೊತ್ತಿಲ್ಲ. ದೂರದ ಊರು, ಯಾರೂ ಹೇಳಿಲ್ಲ. ಅವರು ಮದುವೆಯಾಗಲಿಲ್ಲ. ಫುಫು ಎಷ್ಟೋ ಕಡೆ ನೋಡಿದರು.

ಈ ರಂಜಾನಿಗೆ ಬಂದಾಗ ಸುರಕುಂಬಾ ಪಾಯಸ ಬಡಿಸಲು ಹೋದೆ. ಬಟ್ಟಲು ಇಸಿದುಕೊಳ್ಳುವಾಗ ಅವರು ತಲೆ ಎತ್ತಲಿಲ್ಲ. ಯಾವತ್ತೂ ಎತ್ತುವುದಿಲ್ಲ. ಹೋದ ಮೇಲೆ ನನ್ನ ಯಜಮಾನರು, "ನಿಮ್ಮಣ್ಣನಂಥ ಅಣ್ಣ ಯಾರಿಗೂ ಸಿಗಂಗಿಲ್ಲ" ಎಂದರು. ನಾನು ಹೌದ್ರಿ ಎಂದೆ. ಆಮೇಲೆ ದನದ ಕೊಟ್ಟಿಗೆಗೆ ಹೋಗಿ ಕೂತೆ. ದೊಡ್ಡ ಹುಡುಗಿ ಬಂದು, "ಎಂದುಕಮ್ಮಾ ಏಡುಸ್ತುನ್ನಾವ್?" ಎಂದಳು. ಯಾಕೆ ಅಳುತ್ತಿದ್ದೀ ಎಂದು. ಅವಳಿಗೆ ಈಗ ಹನ್ನೊಂದು ವರ್ಷ. ಮುಂದಿನ ಸಲ ಅವಳಿಗೆ ತಿಳಿಯುತ್ತದೆ.

ಅವರಿಗೆ ಬರಬೇಡಿ ಎಂದು ನೀವು ಹೇಳಿರಿ. ನಾನು ಹೇಳಲಾರೆ. ತಂಗಿಯಾದವಳು ಅಣ್ಣನಿಗೆ ಬರಬೇಡ ಅನ್ನಬೇಕಾದರೆ ಕಾರಣ ಹೇಳಬೇಕಾಗುತ್ತದೆ.

ನಿಮ್ಮ ಮಗಳು,
ಬಿಬಿಜಾನ್

*

ಸೇಡಂ
೧೯ ಜನವರಿ ೧೯೭೫

ಬಿಬಿಗೆ ಅವ್ವನ ಆಶೀರ್ವಾದ.

ಶೌಕತನನ್ನು ಕರೆಸಿದೆ. ನಾನು ರೊಟ್ಟಿ ಬಡಿಯುತ್ತಿದ್ದೆ, ಅವನು ಅಡಿಗೆಮನೆಯ ಹೊಸ್ತಿಲಲ್ಲಿ ಕೂತ. ಈಗ ಅಲ್ಲೇ ಕೂಡುತ್ತಾನೆ.

"ಕುಂಚಾವರಂಗ ಇನ್ನ ಹೋಗಬ್ಯಾಡಪ್ಪ," ಎಂದೆ.

"ಅಕಿ ಹೇಳ್ಯಾಳೇನ್ರಿ?"

"ಇಲ್ಲ. ನಾನ ಹೇಳಾಕತ್ತೀನಿ. ದೂರದ ದಾರಿ, ಅಡವಿ. ನಿಮ್ಮ ಫುಫುಗೂ ವಯಸ್ಸಾತು, ಹಬ್ಬದಾಗ ಅಕಿ ಒಬ್ಬಾಕಿನ ಇರ್ತಾಳ."

ಅವನು ನನ್ನ ಮುಖವನ್ನೇ ನೋಡಿದ. ನಾನು ತಲೆ ಎತ್ತದೆ ರೊಟ್ಟಿ ಬಡಿಯುತ್ತಲೇ ಇದ್ದೆ. ಹಂಚಿನ ಮೇಲಿದ್ದದ್ದು ಸೀದು ಹೋಯಿತು.

"ಹೋದಸಲ ಅಕಿ ಭಾಳ ಸೊರಗಿದ್ಲು," ಎಂದ. ಎದ್ದು ನಿಂತು, "ಆಯ್ತ್ರಿ" ಎಂದ.

ಊಟ ಮಾಡಲಿಲ್ಲ. ನೀರು ಕೇಳಿ ಕುಡಿದು ಹೋದ. ಆ ವಾರವೇ ಗುಂತಕಲ್ ಕಡೆ ಬದಲಿಗೆ ಅರ್ಜಿ ಹಾಕಿದನೆಂದು ಅಮೀರ್ಬೀ ಹೇಳಿ ಕಳಿಸಿದ್ದಳು. ಬದಲಿ ಸಿಕ್ಕಿತು, ನಿನ್ನೆ ಇಬ್ಬರೂ ಸುತ್ತು ಹಾಕಿ ಸೇಡಂಗೆ ಬಂದು ನನಗೆ ಹೇಳಿ ಹೋದರು. ಅಮೀರ್ಬೀ ನನ್ನ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ಅವನು ಸಾಮಾನು ಎತ್ತಿಕೊಂಡು ಮುಂದೆ ನಡೆದ. ಓಣಿಯ ತಿರುವಿನಲ್ಲಿ ನಿಂತು ಹಿಂದೆ ನೋಡಿದ.

ನಿನ್ನ ಯಜಮಾನರು ಹಬ್ಬಕ್ಕೆ ಅವನನ್ನು ಕೇಳಿದರೆ, ಬದಲಿಯಾಗಿ ದೂರ ಹೋದ ಎನ್ನು. ಅದು ಸುಳ್ಳಲ್ಲ.

ಮಹಾದೇವಮ್ಮ